ಮುಳುಗಿದವರನ್ನು ಕರೆಯುವ ದನಿ

ಬೆಳಗಿನ ಐದೂವರೆ. ಹಜಾರದ ಕೊನೆಯ ಕೋಣೆಯ ಕಿಟಕಿಯನ್ನು ಅಂಗೈಯಗಲ ತೆರೆದಿಟ್ಟು ಥೋರಾ ಬ್ಲೆಂಕಿನ್ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಮಂಚದಲ್ಲಿರುವ ಮುದುಕಿ ಮೊನ್ನೆಯಿಂದ ಕಣ್ಣು ಬಿಟ್ಟಿಲ್ಲ. ಥೋರಾ ಕೋಟು ಕಳಚುವುದಿಲ್ಲ, ದೀಪ ಹಾಕುವುದಿಲ್ಲ. ಕೈಯಲ್ಲಿ ವಾದ್ಯವಿಲ್ಲ. ಗಂಟಲನ್ನೂ ಸರಿಮಾಡಿಕೊಳ್ಳದೆ, ಅರ್ಧಕ್ಕೆ ನಿಂತ ಯಾವುದೋ ಮಾತನ್ನು ಮುಂದುವರಿಸುವವರಂತೆ ಹಾಡು ಶುರು ಮಾಡುತ್ತಾರೆ. ಒಂದು ನುಡಿ ಮುಗಿದರೆ ನಿಲ್ಲುತ್ತಾರೆ. ಇನ್ನೊಬ್ಬರು ಯಾರೋ ಒಂದು ನುಡಿ ಹಾಡಿ ಮುಗಿಸುವಷ್ಟು ಹೊತ್ತು ತಲೆ ಓರೆ ಮಾಡಿ ಕಾಯುತ್ತಾರೆ. ಆಮೇಲೆ ಮತ್ತೆ ತಮ್ಮ ನುಡಿ.

ಕಡಲಂಚಿನ ಸ್ಕರ್ಲ್‌ಬಿ ಊರಿನ ಈ ವೃದ್ಧಾಶ್ರಮದಲ್ಲಿ, ದೂರದ ದೇಶದಿಂದ ಬಂದ ನಾನು ರಾತ್ರಿ ಪಾಳಿಯ ದಾದಿ. ಥೋರಾ ಬರುವ ಹೊತ್ತಿಗೆ ನನ್ನ ಪಾಳಿ ಮುಗಿಯುತ್ತಿರುತ್ತದೆ. ಅವರು ಹೋದ ಮೇಲೆ ಪಕ್ಕದ ಕೋಣೆಗಳಿಗೆ ಓಟ್ಸ್ ಗಂಜಿ ಕೊಡಲು ಹೋದರೆ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: ಥೋರಾ ಜತೆಗೆ ಹಾಡುತ್ತಿದ್ದಳಲ್ಲ, ಆ ಇನ್ನೊಬ್ಬಳು ಯಾರು? ಒಮ್ಮೆ ಇದನ್ನು ಥೋರಾ ಅವರಿಗೇ ಹೇಳಿದೆ. ಅವರು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು, ತಲೆ ಎತ್ತಲಿಲ್ಲ.

"ನಮ್ಮ ಆಲ್ಮಾ ಅತ್ತೆ ಇರಬೇಕು ಕಣಮ್ಮ. ಅವಳಿಗೆ ಯಾವಾಗ್ಲೂ ಎರಡನೇ ನುಡಿಯೇ ಬೇಕು. ಬದುಕಿದ್ದಾಗಲೂ ಹಾಗೇ."

ಥೋರಾಗೆ ಈಗ ಎಪ್ಪತ್ತೊಂದು. ಹಾಡುಗಾರ್ತಿ ಎಂದರೆ ಮುಖ ಸಿಂಡರಿಸುತ್ತಾರೆ. "ಹಾಡುಗಾರ್ತಿಯರು ಉದ್ದ ಲಂಗ ಹಾಕ್ತಾರೆ. ನಾನು ಏಡಿ ಸುಲಿಯೋಳು" ಎನ್ನುವುದು ಅವರ ಮಾತು. ಅದು ನಿಜವೂ ಹೌದು. ಆಶ್ರಮದಿಂದ ನೇರ ದೋಣಿಕಟ್ಟೆಯ ಪಕ್ಕದ ತಗಡಿನ ಶೆಡ್ಡಿಗೆ ಹೋಗಿ, ಬೇಯಿಸಿದ ಏಡಿಗಳ ಚಿಪ್ಪು ಒಡೆದು ಮಾಂಸ ಬಿಡಿಸುತ್ತಾರೆ. ಹದಿನೈದನೇ ವಯಸ್ಸಿನಿಂದ ಅದೇ ಕೆಲಸ, ಅದೇ ಸಣ್ಣ ಚಾಕು. ಹಾಡು ಆ ಕೆಲಸದ ಆಚೀಚೆ ಬೆಳೆದದ್ದು. ಸೋಮವಾರ ಶಾಲೆಯಲ್ಲಿ ಮಕ್ಕಳಿಗೆ ಕಥೆ, ಶುಕ್ರವಾರ ಸಂಜೆ ಪಬ್ಬಿನ ಹಿಂದಿನ ಕೋಣೆಯಲ್ಲಿ ಹಾಡು, ಮದುವೆಗೆ ಕರೆದರೆ ಮದುವೆಗೆ, ಸಾವಿಗೆ ಕರೆದರೆ ಸಾವಿಗೆ. ಎಷ್ಟು ಹಾಡು ಬರುತ್ತದೆ ಎಂದು ಕೇಳಿದರೆ ಎಣಿಸಿಲ್ಲ ಎನ್ನುತ್ತಾರೆ. ಎಣಿಸಿದವರಿಗೆ ಮಾರನೇ ದಿನ ಒಂದು ಕಡಿಮೆ ಬರುತ್ತದಂತೆ.

ಶಾಲೆಯ ಮಕ್ಕಳಿಗೆ ಅವರು ಹೇಳುವ ಒಂದು ಕಥೆ ನಾನೂ ಕೇಳಿದ್ದೇನೆ. ಕಡಲು ಹಳೆಯ ಸ್ಕರ್ಲ್‌ಬಿಯ ಬೀದಿಗಳನ್ನು ನುಂಗಿದ ಮೇಲೂ ಅಲ್ಲಿನ ಬೇಕರಿಯವನು ಮನೆಮನೆಗೆ ರೊಟ್ಟಿ ಹಾಕುವ ರೂಢಿ ಬಿಡಲಿಲ್ಲ. ಬೆಳಗಾದರೆ ಬುಟ್ಟಿ ಹೊತ್ತು ನೀರಿಗೆ ಇಳಿಯುತ್ತಿದ್ದ, ಬರಿಬುಟ್ಟಿಯೊಂದಿಗೆ ಮೇಲೆ ಬರುತ್ತಿದ್ದ. ಒಂದು ದಿನ ಬುಟ್ಟಿಯಲ್ಲಿ ಒಂದು ರೊಟ್ಟಿ ಉಳಿದಿತ್ತು. ಯಾರ ಮನೆಯವರು ಬಾಗಿಲು ತೆಗೆಯಲಿಲ್ಲ ಎಂದು ಹೆಂಡತಿ ಕೇಳಿದಳು. ಅವನು ಹೇಳಲಿಲ್ಲ. ಅಷ್ಟಕ್ಕೆ ಥೋರಾ ನಿಲ್ಲಿಸಿ ಮಕ್ಕಳ ಮುಖ ನೋಡುತ್ತಾರೆ. ಮುಂದೇನಾಯಿತು ಎಂದು ಯಾವ ಮಗುವೂ ಕೇಳಿದ್ದನ್ನು ನಾನು ನೋಡಿಲ್ಲ.

ಇಷ್ಟು ಮಾತ್ರವಾಗಿದ್ದರೆ ಥೋರಾ ಬಗ್ಗೆ ಬರೆಯಲು ನಾನು ಕೂರುತ್ತಿರಲಿಲ್ಲ. ಇಂಥ ಹಾಡು, ಕಥೆ ಬಲ್ಲ ಹೆಂಗಸರು ಈ ಕರಾವಳಿಯಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ಆದರೆ ಥೋರಾ ಬಳಿ ಬೇರೆ ಯಾರಲ್ಲೂ ಇಲ್ಲದ ಒಂದು ಹಾಡಿದೆ. ಊರಿನವರು ಅದನ್ನು 'ಕೂಗು' ಎಂದಷ್ಟೇ ಕರೆಯುತ್ತಾರೆ, ಅದೂ ದನಿ ತಗ್ಗಿಸಿ. ಕಡಲಲ್ಲಿ ಮುಳುಗಿ ಹೆಣ ಸಿಗದವರನ್ನು ದಡಕ್ಕೆ ಕರೆಯುವ ಹಾಡು ಅದು. ಇಳಿತ ಮುಗಿದು ನೀರು ಮತ್ತೆ ಏರತೊಡಗುವ ಗಳಿಗೆಯಲ್ಲಿ, ಬೆಳಕು ಹರಿಯುವ ಹೊತ್ತಿಗೆ ನೀರಂಚಿನಲ್ಲಿ ನಿಂತು ಹಾಡಬೇಕು. ನುಡಿಗಳ ನಡುವೆ ಮೂರು ಸಲ ಸತ್ತವನ ಹೆಸರು ಕೂಗಬೇಕು. ಮನೆಯವರು ಜತೆಗಿರಬಹುದು, ಆದರೆ ಬಾಯಿ ಬಿಡುವಂತಿಲ್ಲ. ಕೂಗಿದ ಹೆಸರಿಗೆ ಬೇರೆ ಯಾರಾದರೂ ಓಗೊಟ್ಟರೆ ಕಡಲು ಸತ್ತವನ ಬದಲಿಗೆ ಅವರನ್ನೇ ಎಣಿಕೆಗೆ ಹಿಡಿಯುತ್ತದೆ ಎನ್ನುವುದು ನಂಬಿಕೆ.

ಥೋರಾ ಹತ್ತು ವರ್ಷದ ಹುಡುಗಿಯಾಗಿದ್ದಾಗ ಆಲ್ಮಾ ಅತ್ತೆ ಇದನ್ನು ಹಾಡಿದ್ದರು, ಪಕ್ಕದ ಮನೆಯವಳ ಗಂಡನಿಗಾಗಿ. ಮಾರನೆಯ ದಿನ ಅವನ ಹೆಣ ದೋಣಿಕಟ್ಟೆಯ ಬುಡಕ್ಕೇ ಬಂದು ಮಲಗಿತು, ಯಾರೋ ತಂದಿಟ್ಟ ಹಾಗೆ. ಊರೆಲ್ಲ ಆಲ್ಮಾಗೆ ಕೈ ಮುಗಿಯುವಂತೆ ನಡೆದುಕೊಂಡಿತು. ವಾರ ಕಳೆಯಿತು. ಗಾಳಿಯಿಲ್ಲ, ಅಲೆಯಿಲ್ಲ, ದಡದಿಂದ ಕಾಣುವಷ್ಟು ಹತ್ತಿರದಲ್ಲಿ ಒಂದು ದೋಣಿ ಮಗುಚಿತು. ಅದರಲ್ಲಿದ್ದವರು ಥೋರಾ ಅವರ ತಂದೆ, ಆಲ್ಮಾ ಅವರ ಸ್ವಂತ ಅಣ್ಣ.

ಆ ಹೆಣ ಸಿಗಲೇ ಇಲ್ಲ. ಹೆಣವಿಲ್ಲದ ಪ್ರಾರ್ಥನೆಯ ನಂತರ ಮನೆಯಲ್ಲಿ ಚಹಾ ಹಂಚುವಾಗ ಆಲ್ಮಾ ಕೈಯಿಂದ ಕಪ್ಪು ತೆಗೆದುಕೊಳ್ಳಲು ಒಬ್ಬ ಹೆಂಗಸು ಹಿಂಜರಿದಳು. ಅವಳನ್ನು ನೋಡಿ ಇನ್ನೊಬ್ಬಳು. ಯಾರೂ ಏನೂ ಆಡಲಿಲ್ಲ. ಅಪ್ಪನನ್ನೂ ಕರೆ ಎಂದು ಪುಟ್ಟ ಥೋರಾ ಅತ್ತೆಯ ಏಪ್ರನ್ ಹಿಡಿದು ಅತ್ತಳಂತೆ. ಅತ್ತೆ ಕೊಟ್ಟ ಉತ್ತರವನ್ನು ಥೋರಾ ಈಗಲೂ ಹಾಗೇ ಹೇಳುತ್ತಾರೆ: "ಅದು ಒಂದು ತಗೊಂಡು ಒಂದು ಕೊಡೋ ಅಂಗಡಿ ಮಗಳೇ. ನಿಮ್ಮಪ್ಪನ್ನ ವಾಪಸ್ ಕೇಳಿದ್ರೆ, ಯಾರ ಮನೆಯವನನ್ನ ಕೊಡಲಿ?"

ಆಲ್ಮಾ ಮತ್ತೆಂದೂ ಆ ಹಾಡನ್ನು ಹಾಡಲಿಲ್ಲ. ಆದರೆ ಸಾಯುವ ಮೊದಲು ಥೋರಾಗೆ ಕಲಿಸಿದರು, ಆಸ್ಪತ್ರೆಯ ಮಂಚದಲ್ಲಿ, ಕಿವಿಯ ಹತ್ತಿರ ಪಿಸುಗುಟ್ಟಿ. ನನಗೆ ಬೇಡ ಎಂದು ಥೋರಾ ಎಷ್ಟು ಹೇಳಿದರೂ ಕೇಳಲಿಲ್ಲ. ಬಾರದೆ ಹಾಡದಿರುವುದು ಬೇರೆ, ಬಂದೂ ಹಾಡದಿರುವುದು ಬೇರೆ ಎಂದರಂತೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಥೋರಾ ಆ ಹಾಡನ್ನು ಬಾಯಿಂದ ಹೊರಗೆ ಬಿಟ್ಟಿರಲಿಲ್ಲ. ಮರೆತುಹೋಗಬಾರದೆಂದು ಏಡಿ ಸುಲಿಯುವಾಗ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರು, ಹೆಸರಿನ ಜಾಗ ಖಾಲಿ ಬಿಟ್ಟು.

ಹೋದ ವರ್ಷಕ್ಕೆ ಹಿಂದಿನ ವರ್ಷ ಅಕ್ಟೋಬರ್‌ನಲ್ಲಿ ಡೀನ್ ಮೆಡ್‌ಫರ್ತ್, ಕಡಲ ತಳಕ್ಕೆ ಇಳಿಬಿಟ್ಟಿದ್ದ ಏಡಿ ಬುಟ್ಟಿ ಎತ್ತಲು ಒಬ್ಬನೇ ಹೋದ. ಅವನಿಗೆ ಇಪ್ಪತ್ತೊಂಬತ್ತು. ಮಧ್ಯಾಹ್ನದ ಹೊತ್ತಿಗೆ ಅವನ ದೋಣಿ ಸಿಕ್ಕಿತು. ಎಂಜಿನ್ ಓಡುತ್ತಲೇ ಇತ್ತು, ದೋಣಿ ತನ್ನಷ್ಟಕ್ಕೆ ಸುತ್ತು ಹಾಕುತ್ತಿತ್ತು. ಫ್ಲಾಸ್ಕಿನ ಮುಚ್ಚಳದಲ್ಲಿ ಬಗ್ಗಿಸಿಟ್ಟ ಚಹಾ ಚೆಲ್ಲಿರಲಿಲ್ಲ. ಅವನಿರಲಿಲ್ಲ.

ಅವನ ತಾಯಿ ಪಾಲೀನ್ ನಮ್ಮ ಆಶ್ರಮದ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾರೆ. ಒರಟು ಬಾಯಿಯ, ದೊಡ್ಡ ನಗುವಿನ ಹೆಂಗಸು. ಆ ತಿಂಗಳಿಂದ ನಗು ನಿಂತಿತು. ಹುಡುಕುವವರು ಹುಡುಕಿ ಕೈಚೆಲ್ಲಿದ ಮೇಲೆ ಒಂದು ದಿನ ಪಾಲೀನ್ ಥೋರಾ ಅವರ ಮನೆಗೆ ಹೋಗಿ, ಮಗನನ್ನು ಕರೆಯುವಂತೆ ಕೇಳಿದರು. ಥೋರಾ ಆಗುವುದಿಲ್ಲ ಎಂದರು. ಪಾಲೀನ್ ಮತ್ತೆ ಕೇಳಲಿಲ್ಲ. ಆದರೆ ಪ್ರತಿ ಭಾನುವಾರ ಹೋಗಿ ಥೋರಾ ಅವರ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆದುಕೊಟ್ಟು, ಒಂದೂ ಮಾತಾಡದೆ ಎದ್ದು ಬರುತ್ತಿದ್ದರು. ಚಳಿಗಾಲವೆಲ್ಲ ಹೀಗೇ ನಡೆಯಿತು. "ಬೈದಿದ್ರೆ ತಡ್ಕೋಬಹುದಿತ್ತು. ನನ್ನ ಮನೆ ಆಲೂಗಡ್ಡೆ ಎಷ್ಟು ತೆಳ್ಳಗೆ ಸುಲೀತಿದ್ದಳು ಅಂದ್ರೆ, ಅದನ್ನ ನೋಡೋಕಾಗ್ತಿರಲಿಲ್ಲ" ಎನ್ನುತ್ತಾರೆ ಥೋರಾ.

ಫೆಬ್ರವರಿಯಲ್ಲಿ ಥೋರಾ ಒಪ್ಪಿಕೊಂಡರು. ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಈ ಊರಿನಲ್ಲಿ ಇನ್ನೂ ದೋಣಿ ಇಳಿಸುವವರು ಬೆರಳೆಣಿಕೆಯಷ್ಟು ಮಂದಿ, ಅವರಲ್ಲಿ ಹಿರಿಯರು ಗ್ಯಾರಿ ಸಿಸನ್ಸ್. ಅವರು ಏಡಿ ಶೆಡ್ಡಿಗೆ ಬಂದು ಬಾಗಿಲಲ್ಲೇ ನಿಂತರು. ಡೀನ್ ನನಗೂ ಮಗನ ಹಾಗೇ, ಆದರೆ ಕಡಲಲ್ಲಿ ನಾಳೆ ಇರಬೇಕಾದವರು ನಾವು ಎಂದರು. ಹಾಡಿದ ಮೇಲೆ ವಾರದ ಮಟ್ಟಿಗೆ ಯಾರೂ ದೋಣಿ ಇಳಿಸುವುದಿಲ್ಲವೆಂದೂ, ಆ ವಾರದ ಹೊಟ್ಟೆಪಾಡಿಗೆ ಹೊಣೆ ಯಾರೆಂದೂ ಕೇಳಿದರು. ಥೋರಾ ಚಾಕು ಕೆಳಗಿಟ್ಟು, ನೀನು ಹೇಳೋದು ಸರಿ ಎಂದರಂತೆ. ಸರಿ ಎಂದು ಒಪ್ಪಿಕೊಂಡವರ ಜತೆ ಜಗಳ ಆಡುವುದು ಹೇಗೆ? ಗ್ಯಾರಿ ಹೊರಟುಹೋದರು.

ಆ ಬೆಳಿಗ್ಗೆ ನೀರಂಚಿನಲ್ಲಿದ್ದವರು ಇಬ್ಬರೇ. ಅಲ್ಲಿ ನಡೆದದ್ದನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ, ಎರಡೂ ಒಂದೇ ಆಗಿದೆ. ಹಿಂದಿನ ದಿನದ ಗಾಳಿ ನಿಂತಿತ್ತು. ಕಡಲು ತಟ್ಟೆಯಲ್ಲಿಟ್ಟ ನೀರಿನ ಹಾಗಿತ್ತು. ಮೊದಲ ನುಡಿ ಶುರುವಾದಾಗ ಕಡಲಕ್ಕಿಗಳ ಕೂಗು ನಿಂತಿತು. ಥೋರಾ ಒಂದು ನುಡಿಯನ್ನು ನನಗಾಗಿ ಮಾತಿನಲ್ಲಿ ಹೇಳಿದರು, ರಾಗದಲ್ಲಿ ಹೇಳಲು ಒಪ್ಪಲಿಲ್ಲ:

ನೀರಿನ ಹಾಸಿಗೆ ತಣ್ಣಗಾಯಿತು, ಒಲೆಯ ಮುಂದೆ ಜಾಗವಿದೆ,
ನಡೆದೇ ಬಾರೋ, ತೇಲಿ ಬಾರೋ, ಬಾಗಿಲ ಅಗಳಿ ತೆಗೆದಿದೆ.

ಮೊದಲ ಸಲ ಹೆಸರು ಕೂಗಿದಾಗ ನೀರಿನಲ್ಲಿ ಸೀಲ್ ಎಂಬ ಕಡಲಪ್ರಾಣಿಯ ತಲೆಯೊಂದು ಎದ್ದಿತು. ಎರಡನೇ ಸಲಕ್ಕೆ ಇನ್ನೆಷ್ಟೋ ಎದ್ದವು. ಸೀಲುಗಳು ಇಲ್ಲಿ ಹೊಸತಲ್ಲ, ದಿನಾ ಕಾಣುತ್ತವೆ. ಆದರೆ ಅವತ್ತು ಅವು ಚರ್ಚಿನ ಬೆಂಚಿನಲ್ಲಿ ಕೂತವರ ಹಾಗೆ ಒಂದೇ ಸಾಲಿನಲ್ಲಿದ್ದವು, ಎಲ್ಲವೂ ದಡದತ್ತಲೇ ನೋಡುತ್ತಿದ್ದವು. ಮೂರನೇ ಸಲ ಥೋರಾ "ಡೀನ್" ಎಂದು ಕೂಗಿದಾಗ ಪಾಲೀನ್ ಬಾಯಿ ತೆರೆದರು. ಓಗೊಡಬೇಕೆಂದು ತಾನು ಅಂದುಕೊಂಡಿರಲಿಲ್ಲ ಎನ್ನುತ್ತಾರೆ ಪಾಲೀನ್. ಮಗನನ್ನು ಯಾರೋ ಕರೆಯುತ್ತಿದ್ದಾರೆ, ಅವನು ಮಲಗಿದ್ದಾನೆ, ತಾನಾದರೂ ಬಂದೆ ಎನ್ನಬೇಕು ಎಂದು ದೇಹಕ್ಕೇ ಅನಿಸಿತಂತೆ. ಥೋರಾ ತಟ್ಟನೆ ಅವರ ಬಾಯಿಗೆ ಅಂಗೈ ಒತ್ತಿ ಹಿಡಿದರು. ಹಾಗೇ ಹಿಡಿದುಕೊಂಡು ಉಳಿದ ನುಡಿಗಳನ್ನು ಹಾಡಿ ಮುಗಿಸಿದರು. ಆ ಅಂಗೈಯಲ್ಲಿ ಪಾಲೀನ್ ಹಲ್ಲಿನ ಗುರುತು ಇನ್ನೂ ಸಣ್ಣಗೆ ಇದೆ. ನೀರು ಅವರ ಬೂಟಿನವರೆಗೆ ಏರಿ ಬಂದಿತ್ತು. ತಲೆಗಳು ಒಂದೊಂದಾಗಿ ಮುಳುಗಿದವು.

ಮಾರನೇ ದಿನ ಬೆಳಿಗ್ಗೆ ನಾಯಿ ತಿರುಗಾಡಿಸಲು ಹೋದವರೊಬ್ಬರು ದೋಣಿಕಟ್ಟೆಯ ಬುಡದಲ್ಲಿ ಹೆಣ ನೋಡಿದರು. ಎತ್ತರದ ಆಳು, ಕೆಂಪು ಉಣ್ಣೆಯ ಕಾಲುಚೀಲ, ಒಂದು ಕಿವಿಯಲ್ಲಿ ಬೆಳ್ಳಿಯ ಸಣ್ಣ ರಿಂಗು. ಡೀನ್ ಕುಳ್ಳ. ಡೀನ್ ಕಿವಿ ಚುಚ್ಚಿಸಿಕೊಂಡವನಲ್ಲ.

ಪೊಲೀಸರು ಬಂದರು, ಪರೀಕ್ಷೆಗಳಾದವು. ಅದು ಡೀನ್ ಅಲ್ಲ ಎಂಬುದಷ್ಟೇ ಖಚಿತವಾಯಿತು, ಯಾರು ಎಂಬುದು ತಿಳಿಯಲಿಲ್ಲ. ಈ ದಡದಲ್ಲಿ ಕಾಣೆಯಾದವರ ಪೈಕಿ ಯಾರಿಗೂ ಅವನು ಹೋಲಲಿಲ್ಲ, ಆಚೆ ದಡದ ದೇಶಗಳಿಂದಲೂ ಯಾರೂ ಕೇಳಿಕೊಂಡು ಬರಲಿಲ್ಲ. ಥೋರಾ ಎರಡು ದಿನ ಮನೆಯ ಹೊರಗೆ ಕಾಲಿಡಲಿಲ್ಲ. ತಪ್ಪು ಮನುಷ್ಯನನ್ನು ಎಬ್ಬಿಸಿ ಕರೆತಂದೆ, ಇನ್ನು ಇವನ ಬದಲಿಗೆ ಒಬ್ಬ ಹೋಗುತ್ತಾನೆ ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಮೂರನೇ ದಿನ ಪಾಲೀನ್ ಬಂದರು. ಬೈಯಲು ಬಂದಿದ್ದಾಳೆ ಎಂದುಕೊಂಡು ಥೋರಾ ಬಾಗಿಲು ತೆಗೆದು ಪಕ್ಕಕ್ಕೆ ನಿಂತರು. ಪಾಲೀನ್ ಎಂದಿನ ಕುರ್ಚಿಯಲ್ಲಿ ಕೂತು ಹೇಳಿದ ಮಾತು ಇದು:

"ಆಚೆ ದಡದಲ್ಲೂ ಯಾರೋ ಒಬ್ಬಳು ಕೂಗಿರ್ತಾಳೆ ಕಣೇ ಥೋರಾ. ಅವಳ ಮಗ ನನ್ನ ಹತ್ರ ಬಂದ, ನನ್ನೋನು ಅವಳ ಹತ್ರ ಹೋದ. ಇವನನ್ನ ನಾನು ಸರಿಯಾಗಿ ನೋಡ್ಕೊಂಡ್ರೆ ಅವಳೂ ನನ್ನೋನನ್ನ ನೋಡ್ಕೋತಾಳೆ."

ಡೀನ್‌ಗಾಗಿ ಕೊಂಡಿದ್ದ ಜಾಗದಲ್ಲಿ ಆ ಅಪರಿಚಿತನನ್ನು ಹೂಳಲು ಪಾಲೀನ್ ಅನುಮತಿ ಕೇಳಿಕೊಂಡರು. ಅದಕ್ಕೆ ಬೇಸಿಗೆಯವರೆಗೆ ಅಲೆಯಬೇಕಾಯಿತು. ಆದರೆ ಅದಕ್ಕೆ ಮೊದಲೇ ಇನ್ನೊಂದು ನಡೆಯಿತು.

ಗ್ಯಾರಿ ಮತ್ತು ಉಳಿದವರು ವಾರವೆಲ್ಲ ದೋಣಿ ಇಳಿಸಲಿಲ್ಲ. ಕಟ್ಟೆಯ ಮೇಲೆ ಕೈಕಟ್ಟಿ ನಿಂತು ಕಡಲು ನೋಡುತ್ತಿದ್ದರು. ಥೋರಾ ಹಾದುಹೋದರೆ ಮಾತು ನಿಲ್ಲುತ್ತಿತ್ತು. ಪಬ್ಬಿನ ಹಾಡಿನ ಕೋಣೆಗೆ ಆ ಶುಕ್ರವಾರ ಯಾರೂ ಬರಲಿಲ್ಲ. ವಾರ ಕಳೆದ ಮೇಲೆ, ಹೊಟ್ಟೆ ಕೇಳಬೇಕಲ್ಲ, ಗ್ಯಾರಿ ಒಬ್ಬರೇ ಮೊದಲು ಹೋದರು. ಹೋಗುವಾಗ ತಿಳಿಯಾಗಿತ್ತು. ಹತ್ತು ಗಂಟೆಯ ಹೊತ್ತಿಗೆ ಕಡಲ ಮೇಲಿಂದ ಮಂಜು ಬಂತು. ದೋಣಿಕಟ್ಟೆಯ ತುದಿಯಲ್ಲಿ ನಿಂತವರಿಗೆ ಬುಡ ಕಾಣದಷ್ಟು ಮಂಜು. ಗ್ಯಾರಿ ಬರಬೇಕಾದ ಹೊತ್ತು ಮೀರಿತು. ರೇಡಿಯೋದಲ್ಲಿ ಕರೆದರು, ಉತ್ತರವಿಲ್ಲ. ರಕ್ಷಣಾ ದೋಣಿಗೆ ಹೇಳಿ ಕಳಿಸಿದರು, ಅದು ಬೇರೆ ಊರಿಂದ ಬರಬೇಕು.

ಥೋರಾ ಏಡಿ ಶೆಡ್ಡಿನಿಂದ ಏಪ್ರನ್ನಿನಲ್ಲೇ ಬಂದು ನಿಂತರು. ಗ್ಯಾರಿಯ ಹೆಂಡತಿ ಅವರತ್ತ ನೋಡಿದ್ದನ್ನು ಕಟ್ಟೆಯ ಮೇಲಿದ್ದವರೆಲ್ಲ ಕಂಡರು. ಯಾರೂ ಏನೂ ಅನ್ನಲಿಲ್ಲ. ಆ ಮೌನ ಮೊದಲೂ ಒಮ್ಮೆ ಕೇಳಿದ್ದೆ, ಚಹಾ ಕಪ್ಪುಗಳ ಸದ್ದಿನ ನಡುವೆ, ಎನ್ನುತ್ತಾರೆ ಥೋರಾ. ಮುಂದೇನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಸುಮ್ಮನೆ ನಿಲ್ಲುವುದು ಮಾತ್ರ ಆಗಲಿಲ್ಲ. ನೀರಿನಂಚಿಗೆ ಇಳಿದು ಹಾಡತೊಡಗಿದರು. ಜನ ಹಿಂದಕ್ಕೆ ಸರಿದರು. ಎರಡು ಸಾಲಾದ ಮೇಲೆ ಒಬ್ಬರಿಗೊಬ್ಬರು ಮುಖ ನೋಡಿಕೊಂಡರು. ಥೋರಾ ಹಾಡುತ್ತಿದ್ದದ್ದು ಆ ಹಾಡಲ್ಲ. ಕುಡುಕ ಪಾದ್ರಿಯೊಬ್ಬ ಬಾತುಕೋಳಿ ಕದ್ದು ನಿಲುವಂಗಿಯೊಳಗೆ ಬಚ್ಚಿಟ್ಟುಕೊಂಡದ್ದು, ಅದು ಒಳಗೆ ಎಲ್ಲೆಲ್ಲಿ ಕುಕ್ಕಿತು ಎನ್ನುವ, ಪಬ್ಬಿನಲ್ಲಿ ರಾತ್ರಿ ಏರಿದ ಮೇಲೆ ಮಾತ್ರ ಹಾಡುವ ಪೋಲಿ ಹಾಡು.

ಅದು ಮುಗಿದರೆ ಮತ್ತೆ ಅದೇ. ಎಪ್ಪತ್ತರ ಗಂಟಲು ಎಷ್ಟು ಏರಬಹುದೋ ಅಷ್ಟು ಏರಿಸಿ, ಮಂಜಿನ ಗೋಡೆಗೆ ಎದುರಾಗಿ, ಕಣ್ಣೀರು ಸುರಿಸುತ್ತಾ, ಪಾದ್ರಿಯ ಬಾತುಕೋಳಿ. ನಿಧಾನಕ್ಕೆ ಕಟ್ಟೆಯ ಮೇಲಿದ್ದವರೂ ಪಲ್ಲವಿಗೆ ಸೇರಿದರು. ಗ್ಯಾರಿಯ ಹೆಂಡತಿಯೂ ಸೇರಿದರು. ಎಷ್ಟು ಹೊತ್ತು ಹಾಗೆ ಹಾಡಿದರೋ, ಥೋರಾ ದನಿ ಒಡೆದು ಬರಿ ಗಾಳಿಯಾಗಿತ್ತು. ಆಗ ಮಂಜಿನೊಳಗಿಂದ ಹುಟ್ಟಿನ ಸದ್ದು ಕೇಳಿತು. ಬ್ಯಾಟರಿ ಸತ್ತು, ಎಂಜಿನ್ನು, ರೇಡಿಯೋ ಎಲ್ಲ ಒಟ್ಟಿಗೆ ಕೈಕೊಟ್ಟಿದ್ದವು. ಗ್ಯಾರಿ ದಿಕ್ಕು ತಪ್ಪಿ, ದಡವೆಂದು ನಂಬಿ ನೇರ ಹೊರಕಡಲಿನತ್ತ ಹುಟ್ಟು ಹಾಕುತ್ತಿದ್ದರಂತೆ. ಬೆನ್ನ ಹಿಂದೆ ಹಾಡು ಕೇಳಿ ದೋಣಿ ತಿರುಗಿಸಿದರು.

ದಡಕ್ಕೆ ಇಳಿದ ಗ್ಯಾರಿ ಥೋರಾ ಎದುರು ನಿಂತು ಮೂಗು ಒರೆಸಿಕೊಂಡರು. "ಏಳನೇ ಸಾಲು ತಪ್ಪು ಹಾಡ್ತಿದೀಯಲ್ಲೇ ಮುದುಕಿ. ಅದನ್ನ ಸರಿಮಾಡೋಕೇ ಬಂದೆ" ಎಂದರು.

ಅವತ್ತು ಮನೆಗೆ ಹೋದ ಥೋರಾ ತಂದೆಗಾಗಿ ಅತ್ತರು. ಹತ್ತನೇ ವಯಸ್ಸಿನಲ್ಲಿ ಅತ್ತದ್ದು ಭಯಕ್ಕೆ, ಇದು ಅಪ್ಪನಿಗಾಗಿ ಎನ್ನುತ್ತಾರೆ. ಹಾಡಿಗೂ ತಂದೆಯ ಸಾವಿಗೂ ಸಂಬಂಧ ಇರಲಿಲ್ಲ ಎಂದು ಈಗ ಅನಿಸುತ್ತದೆಯೇ ಎಂದು ಕೇಳಿದೆ. "ಗೊತ್ತಿಲ್ಲ. ಗೊತ್ತಿಲ್ಲ ಅನ್ನೋಷ್ಟು ಹಗುರ ಆಗಿದೀನಿ" ಎಂದರು.

ಜೂನ್‌ನಲ್ಲಿ ಆ ಅಪರಿಚಿತನ ಮಣ್ಣಾಯಿತು. ಊರಿಗೆ ಊರೇ ಬಂದಿತ್ತು. ಪಾಲೀನ್ ಅವನಿಗೆ ಹೊಸ ಕೆಂಪು ಕಾಲುಚೀಲ ಹೆಣೆದು ತೊಡಿಸಲು ಕೊಟ್ಟಿದ್ದರು. ಕಲ್ಲಿನ ಮೇಲೆ ಹೆಸರಿಲ್ಲ, 'ಒಬ್ಬ ತಾಯಿಯ ಮಗ' ಎಂದಿದೆ. ಡೀನ್ ಇನ್ನೂ ಸಿಕ್ಕಿಲ್ಲ. ಪಾಲೀನ್ ಹುಡುಕುವುದನ್ನು ಬಿಟ್ಟಿದ್ದಾರೆ. ಭಾನುವಾರ ಸಮಾಧಿಯ ಹುಲ್ಲು ಕತ್ತರಿಸುತ್ತಾ ಅಲ್ಲಿರುವವನಿಗೆ ವಾರದ ಸುದ್ದಿ ಹೇಳುತ್ತಾರೆ, ಬೈಗುಳದ ಸಮೇತ. ಮೊನ್ನೆ ಬಟ್ಟೆ ಒಗೆಯುವ ಕೋಣೆಯಿಂದ ಅವರ ನಗು ಹಜಾರದವರೆಗೆ ಕೇಳಿಸಿತು, ಬಹಳ ದಿನಗಳ ನಂತರ.

ದೂರದ ಊರುಗಳಿಂದ ಈಗಲೂ ಥೋರಾಗೆ ಕರೆ ಬರುತ್ತದೆ. ಆ ಹಾಡನ್ನು ಕೇಳಬೇಕು, ಧ್ವನಿಮುದ್ರಣ ಮಾಡಿಕೊಳ್ಳಬೇಕು ಎಂದು. ಅವರು ಒಪ್ಪುವುದಿಲ್ಲ. ಬೇರೆ ಹಾಡು ಎಷ್ಟು ಬೇಕಾದರೂ ಹಾಡುತ್ತೇನೆ, ಚಹಾ ಕುಡಿದು ಹೋಗಿ ಎನ್ನುತ್ತಾರೆ. ಇದನ್ನು ಬರೆಯುತ್ತೇನೆಂದು ಹೇಳಿದಾಗ ಏಡಿಯ ಚಿಪ್ಪು ಒಡೆಯುತ್ತಿದ್ದರು. ನಿಮ್ಮ ಭಾಷೆಯಲ್ಲಿ ಓದುವವರಿಗೆ ಕಡಲು ಇದೆಯೇ ಎಂದು ವಿಚಾರಿಸಿದರು. ಇದೆ ಎಂದೆ.

"ಹಾಗಿದ್ರೆ ಅವರಿಗೆ ಅರ್ಥ ಆಗುತ್ತೆ. ಸತ್ತೋರನ್ನ ಕರೀತಾಳೆ ಅಂತ ಬರೀತೀಯಲ್ಲ, ಬರಿ, ಬೇಡ ಅನ್ನಲ್ಲ" ಎಂದರು. ಚಾಕು ಒರೆಸಿ ಪಕ್ಕಕ್ಕಿಟ್ಟರು. "ಬದುಕಿರೋನೊಬ್ಬನ್ನೂ ಕರ್ಕೊಂಡು ಬಂದಿದಾಳೆ ಅಂತಾನೂ ಬರಿ."